ವೀರಗಲ್ಲಿಗೆ ಡಬಲ್ ಕೋಟ್

ಮೊನ್ನೆ ವಾಟ್ಸಾಪಿನಲ್ಲಿ ಓಡಾಡಿದ ಫೋಟೊ ನೀವೂ ನೋಡಿರುತ್ತೀರಿ. ಜಾತ್ರೆಯ ಹೊತ್ತಿಗೆ ಊರಿನ ವೀರಗಲ್ಲು ಮಿರಮಿರ ಮಿಂಚುತ್ತಿದೆ. ಕೆಳಗೆ ಹೋರಾಡುವ ವೀರನಿಗೆ ಬೆಳ್ಳಿ ಬಣ್ಣ, ನಡುವೆ ಅವನನ್ನು ಎತ್ತಿಕೊಂಡು ಹೊರಟ ಅಪ್ಸರೆಯರಿಗೆ ಗುಲಾಬಿ, ಮೇಲೆ ಕೈಲಾಸದ ಲಿಂಗಕ್ಕೆ ಕಡುಗಪ್ಪು, ಹಿನ್ನೆಲೆಗೆಲ್ಲ ಆಕಾಶನೀಲಿ. ಪಟ್ಟಿಕೆಗಳ ಮೇಲಿದ್ದ ಅಕ್ಷರಗಳು ಎಲ್ಲಿ ಹೋದವು ಎಂದರೆ, ಅಲ್ಲಿ ಕೇಸರಿ ಬಳಿದಿದ್ದಾರೆ. ನೋಡಲು ಚೆನ್ನಾಗಿದೆ. ಯಾವ ಊರು ಅಂತ ಮಾತ್ರ ಕೇಳಬೇಡಿ. ಹೋದ ವರ್ಷ ಬೇರೆ ಊರಿನದು ಬಂದಿತ್ತು, ಬರುವ ವರ್ಷ ಮತ್ತೊಂದು ಊರಿನದು ಬರುತ್ತದೆ.

ಬಣ್ಣ ಹೊಡೆಸಿದ ಜಾತ್ರಾ ಸಮಿತಿಯವರನ್ನು ಅಭಿನಂದಿಸಲೇಬೇಕು. ಸಾವಿರ ವರ್ಷದ ಮಳೆ, ಬಿಸಿಲು, ಮೈ ತುರಿಸಿಕೊಳ್ಳಲು ಬಂದ ಎಮ್ಮೆಗಳು, ಪಟ್ಟು ಹಿಡಿದು ಬೇರು ಬಿಟ್ಟ ಅರಳಿಮರ, ಇವೆಲ್ಲ ಸೇರಿ ಮುಗಿಸಲಾಗದ ಕೆಲಸವನ್ನು ನಾಲ್ಕು ಲೀಟರ್ ಎನಾಮೆಲ್ ಪೇಂಟು ಎರಡು ದಿನದಲ್ಲಿ ಮುಗಿಸಿದೆ.

ಇದು ಸುಮ್ಮನೆ ಆಗುವ ಕೆಲಸವಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ತಂತಿ ಬ್ರಷ್ಷು. ಪಾಚಿ, ಕಲ್ಲುಹೂವು ಎಲ್ಲ ಕಿತ್ತು ಬರುವ ತನಕ ಉಜ್ಜಬೇಕು. ಹೊಯ್ಸಳರ ಬಳಪದ ಕಲ್ಲಾದರೆ ಕೆಲಸ ಸಲೀಸು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಹಾಗೆ ಗಟ್ಟಿಯಾದ ಹೊರಮೈಯೇ ಅದರ ಕವಚ, ತಂತಿ ಬ್ರಷ್ಷಿಗೆ ಮೊದಲು ಸಿಗುವುದೂ ಆ ಹೊರಮೈಯೇ. ಎಣ್ಣೆ ಜಿಡ್ಡು ಜಾಸ್ತಿ ಇದ್ದರೆ ಬಚ್ಚಲು ತೊಳೆಯುವ ಆಸಿಡ್ ತರುತ್ತಾರೆ. ಸುಣ್ಣದಂಶವಿರುವ ಕಲ್ಲಾದರೆ ಬುಸುಬುಸು ನೊರೆ ಬರುತ್ತದೆ. ಕೊಳೆ ಹೋಗುತ್ತಿದೆ ಎಂದು ನಿಂತವರು ಖುಷಿಪಡುತ್ತಾರೆ, ಹೋಗುತ್ತಿರುವುದು ಕಲ್ಲು. ದುಡ್ಡಿರುವ ದೇವಸ್ಥಾನವಾದರೆ ಇದ್ಯಾವುದೂ ಬೇಡ, ಸ್ಯಾಂಡ್‌ಬ್ಲಾಸ್ಟಿಂಗ್ ಇದೆ. ಕಂಪ್ರೆಸರ್ ಹಚ್ಚಿ ಕಂಬದ ಮೇಲೆ ಮರಳು ಉಗುಳಿಸಿದರೆ ಗ್ರಾನೈಟು ನಿನ್ನೆ ತಾನೇ ಕಡೆದಂತೆ ಬೆಳ್ಳಗಾಗುತ್ತದೆ. ಶಿಲ್ಪಿ ಕೊಟ್ಟ ನಯ, ಉಳಿಯ ಗುರುತು, ಕಂಬದ ಬುಡದಲ್ಲಿದ್ದ ಸಣ್ಣಕ್ಷರದ ದಾನಶಾಸನ ಎಲ್ಲ ಆ ಧೂಳಿನ ಜೊತೆ ಹೊರಟುಹೋಗುತ್ತವೆ. ತರಚಿದ ಮೈಯಲ್ಲಿ ಬಿದ್ದ ಕೂದಲೆಳೆಯ ಬಿರುಕುಗಳಿಗೆ ನೀರು ಇಳಿಯುವುದು ಆಮೇಲಿನ ಮಾತು. ಅಷ್ಟರಲ್ಲಿ ಕುಂಭಾಭಿಷೇಕ ಮುಗಿದಿರುತ್ತದೆ.

ನಂತರ ಪ್ರೈಮರ್, ಪುಟ್ಟಿ, ಪೇಂಟು. ಅಪಾಯಕಾರಿ ಪೇಂಟೇ ಎಂದು ಎಲ್ಲರೂ ತಿಳಿದಿದ್ದಾರೆ, ನನ್ನ ಮತ ಪುಟ್ಟಿಗೆ. ಶಾಸನದ ಅಕ್ಷರ ಎಷ್ಟು ಆಳ ಇರುತ್ತದೆ? ಬಹಳವೆಂದರೆ ಎರಡು ಮೂರು ಮಿಲಿಮೀಟರ್, ಸವೆದಿದ್ದರೆ ಅದೂ ಇಲ್ಲ. ಗೋಡೆಯ ತಗ್ಗು ಮುಚ್ಚಿ ಕಲಿತ ಕೈಗೆ ಶಾಸನವೂ ತಗ್ಗುಗಳಿರುವ ಗೋಡೆಯೇ. ಪಟ್ಟಿ ಹಿಡಿದು ಎರಡು ಸಲ ಎಳೆದರೆ ಪದ್ಯ, ಗದ್ಯ, ಬಿರುದಾವಳಿ ಎಲ್ಲ ಸಮ.

ಅದರ ಮೇಲೆ ಎರಡು ಕೋಟ್ ಎನಾಮೆಲ್. ನೆಟ್ಟ ಕಲ್ಲು ಬುಡದಿಂದ ತೇವ ಹೀರುತ್ತದೆ, ಆ ತೇವ ಮೈಯಿಂದ ಆವಿಯಾಗಿ ಹೋಗಬೇಕು. ಪೇಂಟು ದಾರಿ ಮುಚ್ಚಿದಾಗ ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತ ಕಲ್ಲಿನ ಮೇಲ್ಪದರವನ್ನು ಹೊರಕ್ಕೆ ತಳ್ಳುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಪೇಂಟು ಹಪ್ಪಳದಂತೆ ಎದ್ದು ಬರುತ್ತದೆ, ಬರುವಾಗ ವೀರನ ಮೂಗನ್ನೂ ಕರೆದುಕೊಂಡೇ ಬರುತ್ತದೆ. ಆಗ ಸಮಿತಿ ಸಭೆ ಸೇರಿ, ಪೇಂಟಿನ ಕ್ವಾಲಿಟಿ ಸರಿಯಿರಲಿಲ್ಲ, ಈ ಸಲ ಒಳ್ಳೇ ಕಂಪನಿಯದು ಹಾಕಿಸೋಣ ಎಂದು ತೀರ್ಮಾನಿಸುತ್ತದೆ.

ಇನ್ನು ಕೆಲವು ಕಡೆ ಮೇಸ್ತ್ರಿ ಭಾವುಕನಾಗಿರುತ್ತಾನೆ. ಅಕ್ಷರ ಮುಚ್ಚಿಹೋಗುವುದು ಅವನಿಗೆ ಸಹಿಸುವುದಿಲ್ಲ. ಸಣ್ಣ ಬ್ರಷ್ಷು ಹಿಡಿದು ಒಂದೊಂದೇ ಅಕ್ಷರವನ್ನು ಬಿಳಿ ಬಣ್ಣದಲ್ಲಿ ತಿದ್ದುತ್ತಾನೆ. ಹಳಗನ್ನಡದ ಱ, ೞ ಎರಡೂ ಅವನು ಶಾಲೆಯಲ್ಲಿ ಕಂಡ ಮುಖಗಳಲ್ಲ, ಆದ್ದರಿಂದ ಪರಿಚಯವಿರುವ ಅಕ್ಷರಕ್ಕೆ ಒಗ್ಗಿಸುತ್ತಾನೆ. ಕಲ್ಲಿನ ಚೆಕ್ಕೆ ಎದ್ದ ಗುರುತು ಕೊಂಬಾಗುತ್ತದೆ, ಇದ್ದ ಕೊಂಬು ಚೆಕ್ಕೆಯೆಂದು ಬಿಟ್ಟುಹೋಗುತ್ತದೆ. ಶಕವರ್ಷದ ಒಂದು ಅಂಕಿ ಬದಲಾದರೆ ರಾಜನೇ ಬದಲು. ಉದಾಹರಣೆಗೆ ಶಕ 1039, ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1117, ಬೇಲೂರಿನಲ್ಲಿ ವಿಷ್ಣುವರ್ಧನ. ಅದನ್ನು 1089 ಎಂದು ತಿದ್ದಿದರೆ ಅವನ ಮಗ ನರಸಿಂಹನ ಕಾಲ. ಪುಣ್ಯಕ್ಕೆ ಶಾಸನ ಬರೆದವರು ಸಂವತ್ಸರದ ಹೆಸರನ್ನೂ ಹಾಕುತ್ತಿದ್ದರು. ಶಕ 1039ರ ಸಂವತ್ಸರ ಹೇಮಲಂಬಿ, ಅದು ಅರವತ್ತು ವರ್ಷಕ್ಕೊಮ್ಮೆಯೇ ಬರುವುದು, ಐವತ್ತು ವರ್ಷಕ್ಕಲ್ಲ. ಲೆಕ್ಕ ಹಾಕಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಮೇಸ್ತ್ರಿ ಸಂವತ್ಸರವನ್ನೂ ತಿದ್ದಿಬಿಟ್ಟಿದ್ದರೆ ಮುಗಿಯಿತು, ಪಿಎಚ್‌ಡಿ ಅವನಿಗೇ ಕೊಡಿ.

ಕೊನೆಯಲ್ಲಿ ಸಿಮೆಂಟ್ ಕಟ್ಟೆ. ಕಲ್ಲು ಬೀಳಬಾರದಲ್ಲ! ಬುಡದ ಸುತ್ತ ಒಂದೂವರೆ ಅಡಿ ಕಾಂಕ್ರೀಟ್, ಮೇಲೆ ಟೈಲ್ಸ್. ಹಿಂದಿನವರ ಗಾರೆ ಕಲ್ಲಿಗಿಂತ ಮೆದು. ಸುಣ್ಣವನ್ನು ವಾರಗಟ್ಟಲೆ ಕೊಳೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ, ಅಳಲೆಕಾಯಿ ನೀರು ಹುಯ್ದು ಗಾಣದಲ್ಲಿ ಅರೆದದ್ದು. ತೇವ ಅದರ ಮೂಲಕ ಹೊರಗೆ ಹೋಗುತ್ತಿತ್ತು, ಸವೆಯುವುದಾದರೆ ಗಾರೆ ಸವೆಯುತ್ತಿತ್ತು. ಸಿಮೆಂಟು ಹಾಗಲ್ಲ, ತಾನು ಜಗ್ಗುವುದಿಲ್ಲ, ಕಲ್ಲನ್ನು ಜಗ್ಗಿಸುತ್ತದೆ. ತೇವ ಎಲ್ಲ ಕಲ್ಲಿನೊಳಕ್ಕೇ ತಿರುಗಿ, ಕಟ್ಟೆಯಿಂದ ಗೇಣುದ್ದ ಮೇಲೆ ಪುಡಿ ಉದುರಲು ಶುರು.

ಈ ಕಟ್ಟೆಯಲ್ಲಿ ಒಂದು ಜಾಣತನವೂ ಇದೆ. ದಾನಶಾಸನದಲ್ಲಿ ಶಾಪ ಬರುವುದು ಕೊನೆಯಲ್ಲಿ, ಎಂದರೆ ಕಲ್ಲಿನ ಬುಡದಲ್ಲಿ. ಕಾಂಕ್ರೀಟ್ ಹಾಕುವವರು ಮೊದಲು ಹೂತಿದ್ದು ಶಾಪವನ್ನೇ.

‘ಸ್ವದತ್ತಾಂ ಪರದತ್ತಾಂ ವಾ’ ಎಂದು ಶುರುವಾಗುವ ಆ ಶ್ಲೋಕ ನೂರಾರು ಶಾಸನಗಳಲ್ಲಿದೆ. ದತ್ತಿಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇದು ಸಾಲದೆಂದು, ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪವನ್ನೂ ಸೇರಿಸುವುದುಂಟು. ಇವತ್ತಿನ ಶಿಕ್ಷೆ ನೋಡಿ. ಕೇಂದ್ರದ 1958ರ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಹೆಚ್ಚೆಂದರೆ ಮೂರು ತಿಂಗಳು ಜೈಲು, 5,000 ರೂಪಾಯಿ ದಂಡ ಇತ್ತು. 2010ರಲ್ಲಿ ತಿದ್ದುಪಡಿ ಮಾಡಿ ಎರಡು ವರ್ಷ, 1 ಲಕ್ಷ ರೂಪಾಯಿವರೆಗೆ ಏರಿಸಿದರು. ಅರವತ್ತು ಸಾವಿರ ವರ್ಷದಿಂದ ಎರಡು ವರ್ಷಕ್ಕೆ ಇಳಿದಿದ್ದೇವೆ, ಅದೂ ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಮಾತ್ರ. ಹಂಪಿಯಲ್ಲಿ ಕಂಬ ಉರುಳಿಸಿ ವಿಡಿಯೊ ಮಾಡಿಕೊಂಡ ಹುಡುಗರು 2019ರಲ್ಲಿ ಸಿಕ್ಕಿಬಿದ್ದಾಗ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಹುಡುಗರು ಪೆದ್ದರು. ಕಂಬವನ್ನು ತಳ್ಳುವ ಬದಲು ಅದಕ್ಕೆ ಪೇಂಟು ಹೊಡೆದಿದ್ದರೆ ಶಾಲು ಹೊದಿಸುತ್ತಿದ್ದರು.

ಹಳೆಯ ಕಲ್ಲನ್ನು ಬೇರೆ ಕೆಲಸಕ್ಕೆ ಬಳಸುವುದು ಹೊಸ ರೋಗವೇನಲ್ಲ ಎನ್ನಬಹುದು, ನಿಜ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಸೂರು 1986ರಲ್ಲಿ ಕುಸಿದು ಮೂರ್ತಿ ಒಡೆದಾಗ ತಾನೇ ಗೊತ್ತಾದದ್ದು, ತಾಯಿ ಇಷ್ಟು ಕಾಲ ನಿಂತಿದ್ದು ಅಶೋಕನ ಶಾಸನದ ಮೇಲೆ ಎಂದು. ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ಚೌಕಾಕಾರದ ಕುಳಿ ತೋಡಿದ್ದರು. ಆದರೂ ಸುತ್ತಲಿನ ಬ್ರಾಹ್ಮಿ ಅಕ್ಷರಗಳು ಉಳಿದವು. ಆ ಕಾಲಕ್ಕೆ ಪುಟ್ಟಿ ಇರಲಿಲ್ಲ.

ಶಾಸನವನ್ನು ಶ್ರದ್ಧೆಯಿಂದ ಹುಡುಕುವ ಇನ್ನೊಂದು ವರ್ಗವಿದೆ, ನಿಧಿಗಳ್ಳರು. ಅಮಾವಾಸ್ಯೆ, ನಿಂಬೆಹಣ್ಣು, ಕುಂಕುಮ, ಹಾರೆ. ಕಲ್ಲಿನ ಮೇಲೆ ಓದಲಾಗದ ಅಕ್ಷರವಿದೆ ಎಂದರೆ ಅದು ಕೊಪ್ಪರಿಗೆಯ ವಿಳಾಸ ಎಂದೇ ಅವರ ನಂಬಿಕೆ. ನಂದಿಯ ಹೊಟ್ಟೆ ಬಗೆಯುವವರೂ ಇವರೇ. ಪಾಪ, ಯಾರಾದರೂ ಓದಿ ಹೇಳಬಾರದೇ? ಅಲ್ಲಿ ಬರೆದಿರುವುದು ಇಷ್ಟು: ಊರ ದೇವರ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ, ಪೂಜಾರಿಗೆ ಕೆರೆಯ ಕೆಳಗೆ ಇಷ್ಟು ಗದ್ದೆ, ಬೆದ್ದಲು (ಮಳೆಯಾಶ್ರಿತ ಹೊಲ) ಇಷ್ಟು ಮತ್ತರು (ಹಳೆಯ ಭೂ ಅಳತೆ), ಮೂಡಲು ಹುಣಿಸೆಮರ ಗಡಿ, ತೆಂಕಲು ಹಳ್ಳ ಗಡಿ. ಮಧ್ಯರಾತ್ರಿ ಕುರಿ ಕಡಿದು, ಹತ್ತು ಅಡಿ ಅಗೆದು ಹುಡುಕುತ್ತಿರುವುದು ಪಹಣಿಯನ್ನು.

ನಂದಾದೀವಿಗೆ ಎಂದ ಮೇಲೆ ಇದನ್ನೂ ಹೇಳಿಬಿಡಬೇಕು, ಆ ಪರಂಪರೆ ನಿಂತಿಲ್ಲ. ದೇವಸ್ಥಾನದ ಟ್ಯೂಬ್‌ಲೈಟ್ ನೋಡಿ. ‘ದಿವಂಗತ ಇಂಥವರ ಜ್ಞಾಪಕಾರ್ಥ’ ಎಂದು ಈ ತುದಿಯಿಂದ ಆ ತುದಿಗೆ ಕೆಂಪು ಅಕ್ಷರ, ಸಂದಿಯಲ್ಲಿ ಒಂದಿಷ್ಟು ಬೆಳಕು. ಜೀರ್ಣೋದ್ಧಾರದ ದಾನಿಗಳಿಗಂತೂ ಕರಿ ಗ್ರಾನೈಟ್ ಹಲಗೆ, ಕಂಪ್ಯೂಟರಿನಲ್ಲಿ ಕೊರೆದ ಅಕ್ಷರ, ಚಿನ್ನದ ಬಣ್ಣ, ಮೇಲೊಂದು ತಗಡಿನ ಚಪ್ಪರ. ಮಳೆ ಬಂದರೆ ಹಳೆ ಶಾಸನ ನೆನೆಯುತ್ತದೆ, ದಾನಿಗಳ ಹೆಸರು ನೆನೆಯುವುದಿಲ್ಲ. ಆ ಹಲಗೆಗೆ ಯಾರೂ ಪೇಂಟು ಹೊಡೆದದ್ದು ನಾನು ಕೇಳಿಲ್ಲ.

ಸಮಿತಿಯವರನ್ನಷ್ಟೇ ಹೊಗಳಿದರೆ ಸರ್ಕಾರಕ್ಕೆ ಬೇಸರವಾದೀತು. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಹೋಗಿ ಹುಡುಕಿದಾಗ ಕೇಂದ್ರದ ಸಂರಕ್ಷಿತ ಸ್ಮಾರಕಗಳಲ್ಲಿ 92 ಸ್ಥಳದಲ್ಲೇ ಇರಲಿಲ್ಲ. ಆಮೇಲೆ 42 ಸಿಕ್ಕಿವೆ ಎಂದರು. ಉಳಿದ 50ರಲ್ಲಿ 14ನ್ನು ನಗರ ನುಂಗಿತ್ತು, 12 ಅಣೆಕಟ್ಟಿನ ನೀರಲ್ಲಿದ್ದವು, 24 ಎಲ್ಲಿವೆಯೋ ಗೊತ್ತಿಲ್ಲ. 2024ರಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದಲೇ ಕೈಬಿಡಲು ಹೊರಟರು. ಕಲ್ಲು ಹುಡುಕುವುದಕ್ಕಿಂತ ಪಟ್ಟಿ ತಿದ್ದುವುದು ಸುಲಭ. ಇದು ಪಟ್ಟಿಯಲ್ಲಿದ್ದವುಗಳ ಕಥೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ನಿಂತಿರುವ ಸಾವಿರಾರು ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ಚರಂಡಿಗೆ ಹಾಸಿದರೂ, ಬಟ್ಟೆ ಒಗೆದರೂ, ಜೆಸಿಬಿ ಬಕೆಟ್ಟಿಗೆ ಸಿಕ್ಕರೂ ಕೇಳುವವರಿಲ್ಲ. ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 1905ರಲ್ಲಿ ಅಚ್ಚು ಹಾಕಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಸಂಪುಟ ಹಿಡಿದು ಊರೂರು ತಿರುಗಿ. ಪುಟದಲ್ಲಿ ಶಾಸನ ಇರುತ್ತದೆ, ಜಾಗದಲ್ಲಿ ಬಡಾವಣೆ ಇರುತ್ತದೆ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ಕಣ್ಣಿಗೆ ಬಿದ್ದದ್ದು ಚರಂಡಿ ಅಗೆಯುವಾಗ. ಊರಿನವರು ಕಂಡು ಉಳಿಸಿಕೊಂಡರು. ಕಾಣದೆ ಹೋದವೆಷ್ಟೋ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಕೇಳುವಾಗ ಹಲ್ಮಿಡಿಯಿಂದ ಹಿಡಿದು ಇಂಥ ಕಲ್ಲುಗಳನ್ನೇ ಸಾಕ್ಷಿ ಹಾಕಿದೆವು. ಸ್ಥಾನಮಾನ ಸಿಕ್ಕಿತು, ಸಾಕ್ಷಿಗಳನ್ನು ಬೀದಿಗೆ ಬಿಟ್ಟೆವು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬರೆದೂ ಬರೆದೂ ಸಾಕಾಗಿದೆ.

ಇರಲಿ. ಜಾತ್ರೆ ಹತ್ತಿರ ಬಂತು, ಬಣ್ಣ ಹೊಡೆಸಿಯೇ ತೀರುತ್ತೇವೆ ಎನ್ನುವವರು ಸುತ್ತಲಿನ ಬೇಲಿಗೆ ಹೊಡೆಸಿ. ಕಲ್ಲಿಗೆ ಬರೀ ನೀರು, ಮೆದು ನಾರಿನ ಬ್ರಷ್ಷು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಅಕ್ಷರ ನೆರಳು ಕಟ್ಟಿ ಎದ್ದು ನಿಲ್ಲುತ್ತದೆ, ಫೋಟೊ ತೆಗೆದುಕೊಳ್ಳಿ. ಪಡಿಯಚ್ಚು ತೆಗೆಯಲು ಬಲ್ಲವರನ್ನು ಕರೆಸಿದರೆ ಇನ್ನೂ ಒಳ್ಳೆಯದು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಕಪ್ಪು ಹಾಳೆಯಲ್ಲಿ ಬಿಳಿ ಅಕ್ಷರ ಬರುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಮೊದಲೇ ಪೇಂಟು ಹೊಡೆಸಿ ಆಗಿದ್ದರೆ ಅದನ್ನು ಮುಟ್ಟಬೇಡಿ. ತಂತಿ ಬ್ರಷ್ಷು, ಥಿನ್ನರ್ ಬಕೆಟ್ಟು, ಬ್ಲೋ ಲ್ಯಾಂಪು ಯಾವುದೂ ಬೇಡ. ರಾಸಾಯನಿಕ ಸಂರಕ್ಷಣೆ ಬಲ್ಲವರು ಅಂಗೈಯಗಲದ ಜಾಗದಲ್ಲಿ ಲೇಪ ಹಚ್ಚಿ, ಪರೀಕ್ಷೆ ಮಾಡಿ, ನಿಧಾನಕ್ಕೆ ಎಬ್ಬಿಸಬೇಕಾದ ಕೆಲಸ ಅದು. ಬಳಿದ ಮೇಸ್ತ್ರಿಗೇ ಕೆರೆಯುವ ಗುತ್ತಿಗೆಯನ್ನೂ ಕೊಡಬೇಡಿ. ಅವನಿಗೂ ಈಗ ಪುರುಸೊತ್ತಿಲ್ಲ, ಪಕ್ಕದೂರಿನ ಮಾಸ್ತಿಕಲ್ಲಿಗೆ ಅಡ್ವಾನ್ಸ್ ತಗೊಂಡಿದ್ದಾನೆ.