ಟೆಸ್ಟರ್ ಉರಿಯಿತು, ಮಿಕ್ಸಿ ತಿರುಗಲಿಲ್ಲ

ಜಡಿಮಳೆಯ ಆಟಿ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಮಿಕ್ಸಿ ಮೌನವ್ರತ ಹಿಡಿಯಿತು. ಕೆಸುವಿನ ಎಲೆ ಕೊಯ್ದು, ನಾರು ತೆಗೆದು, ಒರೆಸಿ ಇಟ್ಟಾಗಿತ್ತು. ಅಕ್ಕಿ ನೆನೆದಿತ್ತು. ಮಧ್ಯಾಹ್ನದ ಊಟಕ್ಕೆ ಭಾವ ಬರುವವರಿದ್ದರು. ಪತ್ರೊಡೆ ಎಂದರೆ ಬಸ್ಸು ತಪ್ಪಿದರೂ ಕೊಡೆ ಹಿಡಿದು ನಡೆದೇ ಬರುವ ಜನ ಅವರು.

ನನ್ನ ಬಳಿ ಒಂದು ಟೆಸ್ಟರ್ ಇದೆ. ಅದನ್ನು ಕಿಸೆಗೆ ಸಿಕ್ಕಿಸಿಕೊಂಡ ಕೂಡಲೇ ನನ್ನ ನಡಿಗೆಯೇ ಬದಲಾಗುತ್ತದೆ ಎಂಬುದು ಹೆಂಡತಿಯ ದೂರು. ರಬ್ಬರ್ ಚಪ್ಪಲಿ ಮೆಟ್ಟಿ ಮಣೆಯ ಮೇಲೆ ನಿಂತೆ. ಅಮ್ಮನ ಅಡುಗೆಮನೆಯೊಳಗೆ ಚಪ್ಪಲಿಗೆ ಪ್ರವೇಶ ಸಿಗುವುದು ವಿದ್ಯುತ್ತಿನ ಹೆಸರಿನಲ್ಲಿ ಮಾತ್ರ. ಪ್ಲಗ್ಗಿನ ಬಲಗಡೆಯ ತೂತಿಗೆ ಟೆಸ್ಟರ್ ತೂರಿಸಿದೆ. ಒಳಗಿನ ನಿಯಾನ್ ದೀಪ ಕೆಂಪಗೆ ಹೊಳೆಯಿತು.

“ಕರೆಂಟ್ ಸರಿಯಾಗಿದೆ. ಸತ್ತಿರುವುದು ಮಿಕ್ಸಿ” ಎಂದು ತೀರ್ಪು ಕೊಟ್ಟೆ.

“ನಿನ್ನೆ ಚಟ್ನಿ ಕಡೆಯುವಾಗ ಜೀವ ಇತ್ತಲ್ಲ ಮಗಾ?” ಎಂದರು ಅಮ್ಮ.

“ಸಾಯುವವರೆಗೆ ಎಲ್ಲರಿಗೂ ಜೀವ ಇರುತ್ತದೆ ಅಮ್ಮ.”

ಮಿಕ್ಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬದಿಯಡ್ಕದ ಬಸ್ಸು ಹತ್ತಿದೆ. ಕಾಸರಗೋಡು ಸಪ್ತಭಾಷೆಗಳ ನಾಡು ಎಂಬುದು ಭಾಷಣದ ಮಾತು ಎಂದುಕೊಂಡಿದ್ದೆ. ಬಸ್ಸು ಇಳಿಯುವಷ್ಟರಲ್ಲಿ ಆ ಮಿಕ್ಸಿಗೆ ತುಳು, ಮಲಯಾಳ, ಕೊಂಕಣಿ, ಕನ್ನಡ ಹೀಗೆ ನಾಲ್ಕು ಭಾಷೆಗಳಲ್ಲಿ ಮರಣಪತ್ರ ಸಿಕ್ಕಿತ್ತು. ಕಾಯಿಲ್ ಸುಟ್ಟಿದೆ ಎಂಬುದರಲ್ಲಿ ಮಾತ್ರ ಸರ್ವಭಾಷಾ ಸಮ್ಮತಿ.

ಅಂಗಡಿಯವರು ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಮಿಕ್ಸಿ ಹುಲಿಯಂತೆ ಗರ್ಜಿಸಿತು. ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು.

ಒದ್ದೆಯಾಗಿ ಮನೆಗೆ ಬಂದರೆ ಹೆಂಡತಿ ಬೈರಾಸು ಕೊಡುತ್ತಾ ಮೆಲ್ಲಗೆ ಕೇಳಿದಳು: “ಹೋಗುವ ಮೊದಲು ಚಾವಡಿಯ ಪ್ಲಗ್ಗಿಗೆ ಒಮ್ಮೆ ಹಾಕಿ ನೋಡಿದ್ದಿರಾ?” ನಾನು ತಲೆ ಒರೆಸಿಕೊಳ್ಳುವುದರಲ್ಲಿ ಮಗ್ನನಾದೆ.

ಅಷ್ಟರಲ್ಲಿ ಭಾವ ಬನಿಯನ್ ತೊಟ್ಟು ಕಡೆಯುವ ಕಲ್ಲಿನ ಎದುರು ಕುಳಿತು, ತಮ್ಮ ಪತ್ರೊಡೆಗೆ ತಾವೇ ಅಕ್ಕಿ ಕಡೆದು ಮುಗಿಸಿದ್ದರು. ಕೈ ತೊಳೆದು ನೇರ ನನ್ನ ತನಿಖೆಗೆ ಸೇರಿಕೊಂಡರು. ಮಿಕ್ಸಿಯನ್ನು ಹಳೆಯ ಜಾಗದಲ್ಲೇ ಸಿಕ್ಕಿಸಿ, ಸ್ವಿಚ್ ಹಾಕಿಟ್ಟು, ಅದೇ ಬೋರ್ಡಿನ ಪಕ್ಕದ ಪ್ಲಗ್ಗಿಗೆ ಟೆಸ್ಟರ್ ಇಟ್ಟೆ. ಬಲಗಡೆ ಉರಿಯಿತು. ಎಡಗಡೆಯೂ ಉರಿಯಿತು!

“ಭಾವ, ಎರಡೂ ಕಡೆ ಕರೆಂಟ್!”

“ಇನ್ನೂರ ಮೂವತ್ತು ಮತ್ತು ಇನ್ನೂರ ಮೂವತ್ತು, ನಾನೂರ ಅರವತ್ತು ವೋಲ್ಟ್. ಅದಕ್ಕೇ ಮಿಕ್ಸಿ ಹೆದರಿಕೊಂಡಿದೆ” ಎಂದರು ಭಾವ. ಅವರು ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ.

ಸಂಜೆ ಮಳೆಯಲ್ಲೇ ಎಲೆಕ್ಟ್ರಿಶಿಯನ್ ಬಂದರು. ಅವರ ಮಲಯಾಳ ನಮಗೆ ಅರ್ಥವಾಗುತ್ತದೆ, ನಮ್ಮ ಕನ್ನಡ ಅವರಿಗೆ. ಎರಡೂ ಎಡವಿದಲ್ಲಿ ತುಳು ಕೈಹಿಡಿಯುತ್ತದೆ. ನಾನು ಕೊಡಹೋದ ಟೆಸ್ಟರನ್ನು ಅವರು ನೋಡಲೂ ಇಲ್ಲ. ಚೀಲದಿಂದ ಎರಡು ವಯರು ನೇತಾಡುವ ಬಲ್ಬ್ ಹೋಲ್ಡರ್ ತೆಗೆದು ಎರಡೂ ತೂತಿಗೆ ಮುಟ್ಟಿಸಿದರು. ಬಲ್ಬ್ ಉರಿಯಲಿಲ್ಲ.

“ನ್ಯೂಟ್ರಲ್ ಇಲ್ಲ.”

ಅವರು ಹೇಳಿದ್ದು ಮಲಯಾಳವೋ ಕನ್ನಡವೋ ಇಂದಿಗೂ ಗೊತ್ತಿಲ್ಲ. ಇಲ್ಲದಿರುವುದಕ್ಕೆ ಎರಡೂ ಭಾಷೆಯಲ್ಲಿ ಒಂದೇ ಮಾತು.

ಫೇಸ್ ತಂತಿಯಲ್ಲಿ ಕರೆಂಟ್ ಬಂದರೆ ಸಾಲದು, ನ್ಯೂಟ್ರಲ್ ತಂತಿಯಲ್ಲಿ ಹಿಂದೆ ಹೋಗಲು ದಾರಿಯೂ ಬೇಕು. ಟೆಸ್ಟರಿಗೆ ಚಿಟಿಕೆಯಷ್ಟು ಕರೆಂಟ್ ಸಾಕು. ಅದು ನನ್ನ ಮೈಯ ಮೂಲಕವೇ ನೆಲಕ್ಕೆ ದಾರಿ ಮಾಡಿಕೊಂಡು ಉರಿಯುತ್ತದೆ. ಅಂದರೆ ಬೆಳಗಿನಿಂದ ಆ ಬೋರ್ಡಿಗೆ ನ್ಯೂಟ್ರಲ್ ಆಗಿ ದುಡಿದವನು ನಾನು. ಎಡಗಡೆಯ ತೂತಿನಲ್ಲಿ ಹೊಳೆದದ್ದೂ ಬೇರೆ ಕರೆಂಟ್ ಅಲ್ಲ, ಮಿಕ್ಸಿಯ ಕಾಯಿಲನ್ನು ದಾಟಿ ಬಂದು ಮುಂದೆ ದಾರಿ ಕಾಣದೆ ನಿಂತದ್ದು. ಭಾವ ಇದನ್ನು ಕೇಳುತ್ತಿದ್ದಂತೆ ಅಂಗಳದ ಮಳೆ ನೋಡಲು ಹೊರಟರು.

ಮೇನ್ ಸ್ವಿಚ್ ಆರಿಸಿ ಬೋರ್ಡ್ ಬಿಚ್ಚಿದರೆ ಒಳಗೆ ಇರುವೆಗಳ ಒಂದು ಗ್ರಾಮ. ಅದರ ನಡುವೆ ಕಪ್ಪು ತಂತಿಯೊಂದು ಸ್ಕ್ರೂವಿನಿಂದ ಕಳಚಿಕೊಂಡು ಸನ್ಯಾಸಿಯಂತೆ ದೂರ ನಿಂತಿತ್ತು. ದಿನಾ ವಯರು ಹಿಡಿದೇ ಪ್ಲಗ್ ಎಳೆಯುವವರು ಯಾರು ಎಂದು ಎಲೆಕ್ಟ್ರಿಶಿಯನ್ ವಿಚಾರಿಸಿದರು, ಬೋರ್ಡೇ ಅಲುಗಾಡುತ್ತಿದೆಯಂತೆ. ಮನೆಮಂದಿಯೆಲ್ಲ ನನ್ನನ್ನು ನೋಡಿದರು. ಕರಟಿದ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಬಿಗಿಯಲು ಹತ್ತು ನಿಮಿಷ ಸಾಕಾಯಿತು. ಮೇನ್ ಹಾಕಿದಾಗ ಬೋರ್ಡಿನ ಇಂಡಿಕೇಟರ್ ಕೆಂಪಗೆ ಬೆಳಗಿತು. ಬೆಳಿಗ್ಗೆ ಅದು ಉರಿಯದಿದ್ದುದನ್ನು ಕಂಡಿದ್ದೆ. ಹಳೆಯದಲ್ಲವೇ, ಹೋಗಿರಬೇಕು ಎಂದುಕೊಂಡಿದ್ದೆ.

ಅಮ್ಮ ಎಲೆಕ್ಟ್ರಿಶಿಯನ್ನರಿಗೆ ತೆಂಗಿನೆಣ್ಣೆ ಸುರಿದ ಪತ್ರೊಡೆ ಬಡಿಸಿದರು. ಎರಡು ತುಂಡು ಮುಗಿದ ಮೇಲೆ ಮೂರನೆಯದಕ್ಕೆ ಅವರು ಬಟ್ಟಲಿಗೆ ಕೈ ಅಡ್ಡ ಹಿಡಿದರು.

“ಮತಿ, ಮತಿ!”

ಮಲಯಾಳದಲ್ಲಿ ಅದಕ್ಕೆ ‘ಸಾಕು’ ಎಂದರ್ಥ. ಅಮ್ಮನಿಗೂ ಅದು ಚೆನ್ನಾಗಿ ಗೊತ್ತು. ಆದರೂ ಸೌಟು ಹಿಡಿದುಕೊಂಡೇ ನನ್ನ ಕಿಸೆಯ ಟೆಸ್ಟರನ್ನು ಒಮ್ಮೆ ನೋಡಿ ಹೇಳಿದರು: “ಅದನ್ನು ಇವನಿಗೆ ಹೇಳಬೇಕಿತ್ತು.”