ಬೂತಾಯಿಗಿರುವ ಭಾಗ್ಯ

ಮೊನ್ನೆ ಆಫೀಸಿಂದ ಒಂದು ಕ್ವಿಜ್ ಬಂತು ಮಾರಾಯ್ರೆ. ನಿಮ್ಮ ವರ್ಕಿಂಗ್ ಸ್ಟೈಲ್ ಎಂತದು ತಿಳ್ಕೊಳ್ಳಿ, ಬರ್ನ್‌ಔಟ್ ತಡೀರಿ, ಅಂದ್ರೆ ಕೆಲಸದಿಂದ ಬಳಲಿ ಬೆಂಡಾಗ್ಬೇಡಿ ಅಂತ. ಕೋಡ್ ಬೆಳಿಗ್ಗೆ ಬರೀತೀರಾ ರಾತ್ರಿಯಾ, ಬಗ್ ಸಿಕ್ಕಿದ್ರೆ ಊಟ ಬಿಟ್ಟು ಕೂರ್ತೀರಾ, ಹೀಗೆ. ನಾನು ಪ್ರಾಮಾಣಿಕವಾಗಿ ರಾತ್ರಿ ಅಂತ ಒತ್ತಿದೆ. ಉತ್ತರ ಬಂತು, ನೀವು ಗೂಬೆ ಜಾತಿ, ಯಾರಿಗೂ ಇಲ್ಲ ಅನ್ಲಿಕ್ಕೆ ನಿಮಗೆ ಬರುದಿಲ್ಲ, ಹಾಗಾಗಿ ಸುಸ್ತು.

ಅಂದ್ರೆ ತಪ್ಪು ನಂದೇ. ಎಷ್ಟು ಚಂದ ಅಲ್ವಾ!

ಗೂಬೆ ಆದದ್ದು ಹೇಗೆ ಅಂತ ಕೇಳ್ಬೇಕಲ್ಲ. ಸುರತ್ಕಲ್ಲಿನ ಮನೆಯಲ್ಲಿ ಸಂಜೆ 6:30 ಆಗುವಾಗ ನ್ಯೂಯಾರ್ಕಿನಲ್ಲಿ ಅಲ್ಲಿನ ಬೇಸಿಗೆಯಲ್ಲಾದ್ರೆ ಬೆಳಿಗ್ಗೆ 9, ಕ್ಲೈಂಟಿಗೆ ಸೂರ್ಯೋದಯ. ಹಗಲು ಪೂರ್ತಿ ಮೀಟಿಂಗ್, ನಡುವೆ "ಒಂದ್ನಿಮಿಷ ಫ್ರೀ ಉಂಟಾ" ಅನ್ನುವ ಮೆಸೇಜು, ಇಡೀ ಪ್ರೋಗ್ರಾಂ ತಲೆಯಲ್ಲಿ ಹಿಡ್ಕೊಂಡಿರ್ತೇವೆ, ಆ ಒಂದ್ನಿಮಿಷಕ್ಕೆ ಎಲ್ಲ ದಡಕ್ಕನೆ ಬೀಳ್ತದೆ, ಮತ್ತೆ ಮೊದಲಿಂದ ಕಟ್ಬೇಕು. ಯಾರೂ ಕರೆಯದ ಹೊತ್ತು ಅಂತ ಇರುದು ರಾತ್ರಿ ಹನ್ನೊಂದರ ಮೇಲೆ ಮಾತ್ರ. ಇದಕ್ಕೆ ಸ್ಟೈಲ್ ಅಂತ ಹೆಸರು.

ನನ್ನ ಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ, ಮಾಡ್ತಿದ್ರು. ಮುಖದ ಮೇಲೆ ಚುಟ್ಟಿಯ ಚುಕ್ಕೆ ಇಟ್ಟು ಮುಗಿಸ್ಲಿಕ್ಕೇ ಗಂಟೆಗಟ್ಲೆ, ವೇಷ ಕಟ್ಟುವ ಚೌಕಿಯಲ್ಲಿ ಕಾದು ಕಾದು ನಡುರಾತ್ರಿ ಕಳೆದ ಮೇಲೆ ಪ್ರವೇಶ, ಬೆಳಿಗ್ಗೆ ಬಂದು ಮಲಗಿದ್ರೆ ಮಕ್ಕಳು ಜೋರು ಮಾತಾಡುವ ಹಾಗಿರ್ಲಿಲ್ಲ. ಅವರೂ ಗೂಬೆಯೇ. ಆದ್ರೆ ಮೇಳದ ತಿರುಗಾಟ ಮುಗಿಯುವ ಪತ್ತನಾಜೆ ದಿನ ಬಂತಾ, ಗೆಜ್ಜೆ ಬಿಚ್ಚಿದ್ರು, ಕಿರೀಟ ಪೆಟ್ಟಿಗೆಗೆ, ಮಳೆಗಾಲ ಮುಗಿಯುವವರೆಗೆ ಆಟ ಇಲ್ಲ. ನಿಮ್ಮ ಕುಣಿತದ ಸ್ಟೈಲ್ ಸರಿ ಇಲ್ಲ, ಅದಕ್ಕೇ ಕಾಲು ನೋವು ಅಂತ ಯಾರೂ ಫಾರ್ಮ್ ತುಂಬಿಸ್ಲಿಲ್ಲ. ಈಗಂತೂ ಕಾಲಮಿತಿ ಆಟವೇ ಜಾಸ್ತಿ, ಮಹಿಷಾಸುರ ಸಹ ಹನ್ನೆರಡರೊಳಗೆ ಸತ್ತು ಮನೆಗೆ ಹೋಗ್ತಾನೆ. ನಮ್ಮ ಸ್ಪ್ರಿಂಟ್‌ಗೆ, ಅಂದ್ರೆ ಗಡುವು ಇಟ್ಟ ಕೆಲವು ವಾರದ ಕೆಲಸದ ಕಂತಿಗೆ, ಮಂಗಳ ಹಾಡುವ ಭಾಗವತರೇ ಹುಟ್ಟಿಲ್ಲ, ಒಂದು ಮುಗಿದ ಮರುದಿನ ಇನ್ನೊಂದರ ಚೆಂಡೆ.

ಮಲ್ಪೆಗೆ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡ್ಲಿ ಅಂತ. ಬೂತಾಯಿ ಮೀನು ಕಮ್ಮಿ ಆದ್ರೆ ಬೋಟ್ ನಿಲ್ಲಿಸ್ತಾರೆ ಸ್ವಾಮಿ, ಬೂತಾಯಿಗೆ ಪ್ರಾಣಾಯಾಮ ಹೇಳಿಕೊಡುದಿಲ್ಲ.

ನಮಗೆ ಹೇಳಿಕೊಡ್ತಾರೆ. ರಾತ್ರಿ 8:30ಕ್ಕೆ ವೆಬಿನಾರ್, ವಿಷಯ "ಸಮಯಕ್ಕೆ ಸರಿಯಾಗಿ ಲಾಗೌಟ್ ಆಗುವ ಕಲೆ", ಹಾಜರಿ ಕಡ್ಡಾಯ. ನನಗೆ ಇಲ್ಲ ಅನ್ಲಿಕ್ಕೆ ಬರುದಿಲ್ಲ ಅಂದಿದ್ರಲ್ಲ, ಅಭ್ಯಾಸ ಮಾಡುವ ಅಂತ ವೆಬಿನಾರಿಗೆ ಬರುದಿಲ್ಲ ಅಂದೆ. ಮ್ಯಾನೇಜರಿಗೆ ಬೇಸರ ಆಯ್ತು.

ಅಭ್ಯಾಸದಿಂದ ಸ್ವಲ್ಪ ವ್ಯತ್ಯಾಸ ಆಗ್ತದೆ, ಇಲ್ಲ ಅಂತ ಅಲ್ಲ. ನಮ್ಮ ಟೀಮಲ್ಲೇ ಕುಂದಾಪ್ರದ ಒಬ್ಬ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ರೆ ಮುಚ್ಚಿದ. ಈ ಸಲ ಅವನಿಗೆ ಇನ್‌ಕ್ರಿಮೆಂಟ್ ಆಗ್ಲಿಲ್ಲ.

ದೊಡ್ಡ ಕಂಪೆನಿಯವರೊಬ್ರು 2023ರಲ್ಲಿ ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, ಇನ್ನೊಬ್ರು 90 ಅಂದು ಹೆಂಡ್ತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತಲೂ ಕೇಳಿದ್ರು, ಅದೆಲ್ಲ ನಿಮಗೆ ಗೊತ್ತುಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನ್‌ಔಟ್ ಅಂದ್ರೆ ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬರುವಂಥದ್ದು ಅಂತ ಬರೆದಿಟ್ಟಿದೆ. ಕೆಲಸದ ಜಾಗದ್ದು. ನಮ್ಮ ಟೀಮಲ್ಲಿ ಇಬ್ರು ಬಿಟ್ಟು ಹೋಗಿ ಏಳು ತಿಂಗಳಾಯ್ತು, ಬದಲಿಗೆ ಯಾರನ್ನೂ ತಕ್ಕೊಳ್ಳಿಲ್ಲ, ಮೂರು ಜನರ ಕೆಲಸ ಒಬ್ಬ ಮಾಡಿದ್ರೆ ಸುಸ್ತಾಗ್ತದೆ, ಇದಕ್ಕೆ ಕ್ವಿಜ್ ಯಾಕೆ ಬೇಕು? ಆ ಒಂದು ಪ್ರಶ್ನೆ ಮಾತ್ರ ಅದರಲ್ಲಿ ಇರ್ಲಿಲ್ಲ.

ಇದು ಬರೀತಾ ಇರುವಾಗ ಗಾಳಿಮಳೆಗೆ ಕರೆಂಟ್ ಹೋಯ್ತು. ಖುಷಿಯಾಗಿ ಮೆಸೇಜ್ ಹಾಕಿದೆ. "ಇನ್ವರ್ಟರ್ ಉಂಟಲ್ವಾ?" ಅಂತ ಬಂತು.