16 ಗಂಟೆಯ ಲೆಕ್ಕ ಈಗ ಇಲ್ಲ: ಸ್ಪಷ್ಟನೆ

ಲಂಡನ್ನಿನ ಕಂಪನಿಗಳಲ್ಲಿ ಸಂಬಳಕ್ಕಿರುವ ಸಾಲಿಸಿಟರ್‌ಗಳು (ಅಲ್ಲಿನ ಒಂದು ಬಗೆಯ ವಕೀಲರು) ವರ್ಷಕ್ಕೆ 16 ಗಂಟೆ ತರಬೇತಿ ಮುಗಿಸಲೇಬೇಕು ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಅದು ಹಳೆಯ ನಿಯಮ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇವರನ್ನು ನಿಯಂತ್ರಿಸುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ 2016ರ ನವೆಂಬರ್ 1ರಿಂದಲೇ ಗಂಟೆ ಲೆಕ್ಕ ಕೈಬಿಟ್ಟಿದೆ.

ಹಾಗಂತ ಕಲಿಕೆ ಬೇಡವೆಂದಲ್ಲ. ಕಂಪನಿ ವಕೀಲರಿಗೆ ವಿನಾಯಿತಿಯೂ ಇಲ್ಲ. ಅಕ್ಟೋಬರ್‌ನಲ್ಲಿ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ (ವಕೀಲಿಕೆಯ ಪರವಾನಗಿ) ನವೀಕರಿಸುವಾಗ, ನನ್ನ ಕೆಲಸವನ್ನು ಪರಾಮರ್ಶಿಸಿದ್ದೇನೆ, ಕಂಡ ಕೊರತೆ ನೀಗಿಸಿಕೊಂಡಿದ್ದೇನೆ ಎಂದು ಘೋಷಿಸಬೇಕು. ಕರಾರಿನ ಕರಡು ತಿದ್ದುವಾಗ ಡೇಟಾ ರಕ್ಷಣೆಯ ಷರತ್ತಿನಲ್ಲಿ ಎಡವಿದಿರಾ? ಅದನ್ನೇ ಓದಿ, ಕಲಿತದ್ದನ್ನು ದಿನಾಂಕ ಸಮೇತ ಬರೆದಿಡಿ. ಸೆಮಿನಾರ್‌ನಲ್ಲಿ ಕೂತು ಹಾಜರಿ ಹಾಕಿ ಬರುವುದಕ್ಕಿಂತ ಇದು ಕಷ್ಟ, ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ. ಗಂಟೆ ತುಂಬಿಸಲೆಂದೇ ಗಾಬರಿಯಲ್ಲಿ ದುಡ್ಡು ಕಟ್ಟಬೇಡಿ.